ಒಂದೇ ಕೋಶ ಸಾಕಾಗಿತ್ತಲ್ಲ, ಮೈ ಯಾಕೆ ಬೇಕಾಯಿತು?

ಬ್ರೆಡ್ ಉಬ್ಬಿಸುವ ಯೀಸ್ಟ್ ಒಂದು ಪುಟ್ಟ ಜೀವಿ. ಒಂದೇ ಒಂದು ಕೋಶ, ಅಷ್ಟೇ ಅದರ ಮೈ. ಬರಿಗಣ್ಣಿಗೆ ಕಾಣುವುದಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದೇ ಯೀಸ್ಟನ್ನು ವರ್ಷಗಟ್ಟಲೆ ಸಾಕಿದರು. ಈಗ ಅದರ ಕೋಶಗಳು ಒಂದನ್ನೊಂದು ಬಿಡದೆ ಲಕ್ಷಗಟ್ಟಲೆ ಸೇರಿ ಬೆಳೆಯುತ್ತವೆ. ಅಷ್ಟು ದೊಡ್ಡ ಗುಂಪಿನ ನಡುವೆ ಸಿಕ್ಕಿಕೊಂಡ ಕೋಶಕ್ಕೆ ಊಟ ಹೇಗೆ ಸಿಗುತ್ತದೆ? ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಅವರ ಜೊತೆ ಸೇರಿ 2025ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು.

ಆ ಉತ್ತರಕ್ಕೆ ಆಮೇಲೆ ಬರೋಣ. ಅದು ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ಅದರ ಹಿಂದಿರುವ ಹಳೆಯ ಪ್ರಶ್ನೆ ಗೊತ್ತಿರಬೇಕು. ಒಂಟಿ ಕೋಶವಾಗಿ ಚೆನ್ನಾಗೇ ಬದುಕುತ್ತಿದ್ದ ಜೀವಿಗಳು ಒಟ್ಟುಗೂಡಿ ಒಂದು ಮೈ ಆದದ್ದು ಯಾಕೆ? ಅದರಿಂದ ಸಿಕ್ಕ ಲಾಭ ಏನು?

## ಗುಂಪು ಬೇರೆ, ಮೈ ಬೇರೆ

ಕೋಶ ಅಂದರೆ ಜೀವದ ಅತಿ ಚಿಕ್ಕ ಘಟಕ. ತೆಳುವಾದ ಪೊರೆಯ ಒಳಗೆ ನೀರು, ಪ್ರೋಟೀನು, ವಂಶವಾಹಿಗಳು. ತಿನ್ನುವುದು, ಕಸ ಹೊರಹಾಕುವುದು, ಒಡೆದು ಎರಡಾಗುವುದು ಎಲ್ಲವನ್ನೂ ಒಂದೇ ಕೋಶ ಮಾಡಿಕೊಂಡರೆ ಅದು ಏಕಕೋಶ ಜೀವಿ. ಬ್ಯಾಕ್ಟೀರಿಯಾ, ಅಮೀಬಾ, ಯೀಸ್ಟ್ ಎಲ್ಲ ಈ ಸಾಲಿಗೆ ಸೇರುತ್ತವೆ. ಹಲವು ಕೋಶ ಸೇರಿ ಒಂದೇ ಜೀವಿಯಾಗಿ ಬದುಕಿದರೆ ಅದು ಬಹುಕೋಶ ಜೀವಿ. ಹುಲ್ಲು, ಅಣಬೆ, ಇರುವೆ, ಆನೆ, ನಾವು ಎಲ್ಲ ಹೀಗೇ. ಮನುಷ್ಯನ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ. ಎಲ್ಲವೂ ಹುಟ್ಟಿದ್ದು ತಾಯಿಯ ಹೊಟ್ಟೆಯಲ್ಲಿದ್ದ ಒಂದೇ ಕೋಶದಿಂದ.

ಸುಮ್ನೆ ಒಂದೆಡೆ ಸೇರಿದ ಮಾತ್ರಕ್ಕೆ ಬಹುಕೋಶ ಜೀವಿ ಆಗುವುದಿಲ್ಲ. ಕೋಶಗಳು ಒಂದಕ್ಕೊಂದು ಅಂಟಿರಬೇಕು, ರಾಸಾಯನಿಕಗಳ ಮೂಲಕ ಪರಸ್ಪರ ಸುದ್ದಿ ಮುಟ್ಟಿಸಬೇಕು, ಒಂದರ ಬದುಕು ಇನ್ನೊಂದರ ಮೇಲೆ ನಿಂತಿರಬೇಕು. 1907ರಲ್ಲಿ ಅಮೆರಿಕದ ಜೀವವಿಜ್ಞಾನಿ ಎಚ್. ವಿ. ವಿಲ್ಸನ್ ಸಮುದ್ರದ ಸ್ಪಂಜನ್ನು ನುಣುಪಾದ ರೇಷ್ಮೆ ಬಟ್ಟೆಯಲ್ಲಿ ಹಾಕಿ ಹಿಂಡಿದರು. ಅದರ ಕೋಶಗಳು ಬಿಡಿಬಿಡಿಯಾಗಿ ನೀರಿಗೆ ಬಿದ್ದವು. ಆಮೇಲೆ ಆ ಕೋಶಗಳು ತೆವಳುತ್ತಾ ಒಂದನ್ನೊಂದು ಹುಡುಕಿಕೊಂಡು ಮತ್ತೆ ಸೇರಿ ಪುಟ್ಟ ಸ್ಪಂಜುಗಳಾಗಿ ಬೆಳೆದವು. ಒಂದಾಗಿ ಬದುಕುವ ವಿದ್ಯೆ ಒಂದೊಂದು ಕೋಶದೊಳಗೂ ಇದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ಕಡಿಮೆ.

ಭೂಮಿಯ ಮೇಲೆ ಜೀವ ಹುಟ್ಟಿ ಕಡಿಮೆ ಅಂದರೂ 350 ಕೋಟಿ ವರ್ಷ ಆಗಿದೆ. ಕಣ್ಣಿಗೆ ಕಾಣುವಂಥ ಪ್ರಾಣಿಗಳ ಪಳೆಯುಳಿಕೆ ಸಿಗುವುದು ಸುಮಾರು 57 ಕೋಟಿ ವರ್ಷದಿಂದ ಈಚೆಗೆ. ಪಾಚಿಯ ಜಾತಿಯವು ಇದಕ್ಕಿಂತ ಬಹಳ ಮೊದಲೇ ಒಟ್ಟುಗೂಡಿದ್ದವು. ಮಧ್ಯ ಭಾರತದ ಚಿತ್ರಕೂಟದ ಬಂಡೆಗಳಲ್ಲಿ ಸಿಕ್ಕಿದ, ಕೆಂಪು ಪಾಚಿಯಂತೆ ಕಾಣುವ ಪಳೆಯುಳಿಕೆಗಳಿಗೆ 160 ಕೋಟಿ ವರ್ಷ ಅಂತ 2017ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಒಟ್ಟುಗೂಡುವ ಈ ಹೆಜ್ಜೆ ಒಂದೇ ಸಲ ನಡೆದದ್ದಲ್ಲ. ಬೇರೆ ಬೇರೆ ವಂಶಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಕನಿಷ್ಠ 25 ಸಲ ನಡೆದಿದೆ ಅಂತ ಜೀವವಿಜ್ಞಾನಿಗಳ ಅಂದಾಜು. ಅಷ್ಟು ಸಲ ನಡೆದಿದೆ ಅಂದರೆ ಅದರಲ್ಲಿ ಗಟ್ಟಿಯಾದ ಲಾಭ ಇರಲೇಬೇಕು, ಅಲ್ವಾ?

## ಕೋಶವೇ ದೊಡ್ಡದಾಗಬಹುದಿತ್ತಲ್ಲ?

ದೊಡ್ಡದಾಗಲು ಕೋಶಗಳೆಲ್ಲ ಸೇರುವ ರಗಳೆ ಯಾಕೆ? ಒಂದೇ ಕೋಶ ಆನೆಯಷ್ಟು ಬೆಳೆದರೆ ಸಾಕಲ್ಲ? ಸಾಕಾಗುವುದಿಲ್ಲ. ಇಲ್ಲಿ ಲೆಕ್ಕ ಅಡ್ಡ ಬರುತ್ತದೆ.

ಬೆಲ್ಲದ ಅಚ್ಚನ್ನು ಹಾಗೇ ನೀರಿಗೆ ಹಾಕಿದರೆ ಕರಗಲು ಹೊತ್ತು ಹಿಡಿಯುತ್ತದೆ. ಅದನ್ನೇ ಪುಡಿ ಮಾಡಿ ಹಾಕಿದರೆ ಬೇಗ ಕರಗುತ್ತದೆ. ಬೆಲ್ಲ ಅಷ್ಟೇ, ಆದರೆ ನೀರು ತಾಗುವ ಜಾಗ ಜಾಸ್ತಿ. ಕೋಶದ ಕತೆಯೂ ಇದೇ. ಊಟ, ಆಮ್ಲಜನಕ ಎಲ್ಲ ಒಳಗೆ ಬರುವುದು ಹೊರಗಿನ ಪೊರೆಯ ಮೂಲಕ. ಅದನ್ನು ಖರ್ಚು ಮಾಡುವುದು ಒಳಗಿನ ಗಾತ್ರ. 1 ಅಳತೆಯ ಘನಾಕೃತಿ ತೆಗೆದುಕೊಳ್ಳಿ. ಅದರ ಮೇಲ್ಮೈ 6, ಗಾತ್ರ 1. ಅದನ್ನು 10 ಅಳತೆಗೆ ಬೆಳೆಸಿ. ಮೇಲ್ಮೈ 600 ಆಗುತ್ತದೆ, ಗಾತ್ರ 1,000 ಆಗುತ್ತದೆ. ಮೊದಲು ಒಂದು ಪಾಲು ಗಾತ್ರಕ್ಕೆ 6 ಪಾಲು ಬಾಗಿಲಿತ್ತು, ಈಗ 0.6 ಮಾತ್ರ. ಕೋಶ ಬೆಳೆದಷ್ಟೂ ತಿನ್ನುವ ಹೊಟ್ಟೆ ಹಿಗ್ಗುತ್ತದೆ, ಬಾಗಿಲು ಸಾಲದೆ ಹೋಗುತ್ತದೆ.

ಇನ್ನೊಂದು ತೊಂದರೆ ದೂರ. ಕೋಶದೊಳಗೆ ಬಹುಪಾಲು ಅಣುಗಳು ತಾವಾಗೇ ಹರಡಿಕೊಂಡು ಹೋಗುತ್ತವೆ. ಅದಕ್ಕೊಂದು ನಿಯಮ ಇದೆ. ದೂರ ಹತ್ತು ಪಟ್ಟಾದರೆ ಹಿಡಿಯುವ ಸಮಯ ನೂರು ಪಟ್ಟಾಗುತ್ತದೆ. ಆಮ್ಲಜನಕದ ಅಣು ನೀರಿನಲ್ಲಿ ಒಂದು ಸಾಧಾರಣ ಕೋಶದ ಅಗಲವನ್ನು ಸೆಕೆಂಡಿನ ಸಣ್ಣ ಪಾಲಿನಲ್ಲಿ ದಾಟುತ್ತದೆ. ಒಂದು ಮಿಲಿಮೀಟರ್ ದಾಟಲು ಅದಕ್ಕೆ ಕೆಲವು ನಿಮಿಷ ಬೇಕು. ಒಂದು ಸೆಂಟಿಮೀಟರಿಗೆ ಹಲವು ಗಂಟೆ. ಒಂದು ಮೀಟರಿಗೆ ಹಲವು ವರ್ಷ.

ಇದಕ್ಕೆ ಅಪವಾದಗಳಿವೆ, ಆದರೆ ಅವೂ ಈ ನಿಯಮವನ್ನೇ ತೋರಿಸುತ್ತವೆ. ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನ ಮ್ಯಾಂಗ್ರೋವ್ ಕಾಡಿನಲ್ಲಿ ಸಿಕ್ಕ, 2022ರಲ್ಲಿ ಸುದ್ದಿಯಾದ ಥಿಯೋಮಾರ್ಗರಿಟಾ ಮ್ಯಾಗ್ನಿಫಿಕಾ ಎಂಬ ಬ್ಯಾಕ್ಟೀರಿಯಾ ಸುಮಾರು ಒಂದು ಸೆಂಟಿಮೀಟರ್ ಉದ್ದ ಇರುತ್ತದೆ. ಬರಿಗಣ್ಣಿಗೇ ಕಾಣುತ್ತದೆ. ಆದರೆ ಅದರ ಒಳಗಿನ ಬಹುಭಾಗ ಒಂದು ದೊಡ್ಡ ನೀರಿನ ಚೀಲ. ಜೀವಂತ ಭಾಗವೆಲ್ಲ ಪೊರೆಗೆ ಅಂಟಿಕೊಂಡ ತೆಳು ಪದರ.

ಬಹುಕೋಶ ಜೀವಿಗಳು ಹಿಡಿದ ದಾರಿ ಬೇರೆ. ಅಲ್ಲಿ ಬಹುಪಾಲು ಕೋಶಗಳು ಚಿಕ್ಕವಾಗಿಯೇ ಉಳಿಯುತ್ತವೆ. ಆನೆಯ ಕೋಶ ಹೆಚ್ಚುಕಡಿಮೆ ಇಲಿಯ ಕೋಶದಷ್ಟೇ ಇರುತ್ತದೆ. ಆನೆಯಲ್ಲಿ ಸಂಖ್ಯೆ ಜಾಸ್ತಿ, ಅಷ್ಟೇ. ಪ್ರತಿ ಕೋಶದ ಪಕ್ಕಕ್ಕೂ ರಕ್ತ ಹರಿದು ಬರುವುದರಿಂದ ಪ್ರತಿ ಕೋಶವೂ ಚಿಕ್ಕದಾಗಿ, ಚುರುಕಾಗಿ ಉಳಿಯುತ್ತದೆ. ನಮ್ಮ ಶ್ವಾಸಕೋಶದೊಳಗಿನ ಕೋಟಿಗಟ್ಟಲೆ ಗಾಳಿಗುಳ್ಳೆಗಳನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಅಷ್ಟು ದೊಡ್ಡ ಬಾಗಿಲನ್ನು ಎದೆಗೂಡಿನೊಳಗೆ ಮಡಚಿ ಇಡಲು ಒಂಟಿ ಕೋಶಕ್ಕೆ ಸಾಧ್ಯವೇ ಇಲ್ಲ.

## ದೊಡ್ಡವರನ್ನು ನುಂಗುವುದು ಕಷ್ಟ

ದೊಡ್ಡದಾಗುವುದರ ಮೊದಲ ಲಾಭ ತೀರಾ ಸರಳ. ತಿನ್ನಲು ಬಂದವರ ಬಾಯಿಗೆ ಹಿಡಿಸುವುದಿಲ್ಲ.

ಕ್ಲೊರೆಲ್ಲಾ ಎಂಬ ಹಸಿರು ಪಾಚಿಯ ಮೇಲೆ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಸಾಕ್ಷಿ. ಆ ಪಾಚಿ ಪ್ರಯೋಗಾಲಯದಲ್ಲಿ ಸಾವಿರಾರು ತಲೆಮಾರು ಒಂಟಿ ಕೋಶವಾಗಿಯೇ ಬೆಳೆದಿತ್ತು. ಅದೇ ನೀರಿಗೆ ಪಾಚಿಯನ್ನು ನುಂಗುವ ಇನ್ನೊಂದು ಏಕಕೋಶ ಜೀವಿಯನ್ನು ಬಿಟ್ಟರು. ನೂರು ತಲೆಮಾರು ಕಳೆಯುವಷ್ಟರಲ್ಲೇ ಗುಂಪುಗೂಡಿದ ಪಾಚಿಗಳು ಮೇಲುಗೈ ಪಡೆದವು. ಮೊದಮೊದಲು ಗುಂಪುಗಳಲ್ಲಿ ನೂರಾರು ಕೋಶಗಳೂ ಇರುತ್ತಿದ್ದವು. ಬರಬರುತ್ತಾ ಎಂಟು ಕೋಶಗಳ ಗುಂಪೇ ಜಾಸ್ತಿಯಾಯಿತು. ಎಂಟು ಯಾಕೆ? ಎಂಟಿದ್ದರೆ ನುಂಗಲು ಆಗುವುದಿಲ್ಲ. ಜೊತೆಗೆ ಎಂಟೂ ಕೋಶಗಳಿಗೆ ಸುತ್ತಲಿನ ನೀರು ನೇರವಾಗಿ ತಾಗುತ್ತದೆ, ಯಾರೂ ಒಳಗೆ ಸಿಕ್ಕಿಕೊಂಡು ಉಪವಾಸ ಬೀಳುವುದಿಲ್ಲ. ಮೇಲೆ ಹೇಳಿದ ಬಾಗಿಲಿನ ಲೆಕ್ಕವೇ ಇಲ್ಲೂ ಕೆಲಸ ಮಾಡಿದೆ.

ಗಾತ್ರದಿಂದ ಸಿಗುವ ಬೇರೆ ಅನುಕೂಲಗಳೂ ಇವೆ. ಎತ್ತರ ಬೆಳೆದ ಮರಕ್ಕೆ ಬಿಸಿಲು ಸಿಗುತ್ತದೆ, ಬೇರು ಆಳಕ್ಕೆ ಹೋಗಿ ನೀರು ತರುತ್ತದೆ. ಪ್ರಾಣಿ ದೂರ ನಡೆಯಬಹುದು, ಕೊಬ್ಬು ಕೂಡಿಟ್ಟುಕೊಂಡು ಬರಗಾಲ ದಾಟಬಹುದು.

## ಎರಡು ಕೆಲಸ ಒಟ್ಟಿಗೆ ಆಗದಿದ್ದಾಗ

ಗಾತ್ರದ ಲಾಭ ಎಲ್ಲರಿಗೂ ಬೇಗ ಹೊಳೆಯುತ್ತದೆ. ಆದರೆ ಅದಕ್ಕಿಂತ ಆಳವಾದದ್ದು ಕೆಲಸ ಹಂಚಿಕೊಳ್ಳುವುದು. ಒಂಟಿ ಕೋಶ ಎಲ್ಲ ಕೆಲಸವನ್ನೂ ತಾನೇ ಮಾಡಬೇಕು. ಕೆಲವು ಕೆಲಸಗಳು ಒಂದಕ್ಕೊಂದು ಆಗಿಬರುವುದಿಲ್ಲ. ಅಲ್ಲಿ ಒಂಟಿ ಕೋಶ ಸಿಕ್ಕಿಬೀಳುತ್ತದೆ.

ನಮ್ಮ ಭತ್ತದ ಗದ್ದೆಗಳಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಅಜೋಲಾ ಗೊತ್ತಿರಬಹುದು. ನೀರಿನ ಮೇಲೆ ತೇಲುವ ಪುಟ್ಟ ಜರಿಗಿಡ ಅದು. ರೈತರು ಗದ್ದೆಗೆ ಗೊಬ್ಬರವಾಗಿ, ಹಸುಗಳಿಗೆ ಮೇವಾಗಿ ಬೆಳೆಸುತ್ತಾರೆ. ಅದರ ಎಲೆಯೊಳಗಿನ ಸಣ್ಣ ಪೊಳ್ಳಿನಲ್ಲಿ ಅನಬೀನಾ ಎಂಬ ನೀಲಿ ಹಸಿರು ಪಾಚಿ ವಾಸವಾಗಿರುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುವುದು ಈ ಪಾಚಿಯೇ.

ಅನಬೀನಾವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಮಣಿಸರದ ಹಾಗೆ ಸಾಲಾಗಿ ಜೋಡಿಸಿದ ಕೋಶಗಳು ಕಾಣುತ್ತವೆ. ಅವುಗಳ ನಡುನಡುವೆ ದಪ್ಪ ಗೋಡೆಯ, ಸ್ವಲ್ಪ ದುಂಡಾದ, ಬಣ್ಣ ಮಾಸಿದ ಕೋಶಗಳು. ನೀರಿನಲ್ಲಿ ಒಂಟಿಯಾಗಿ ಬೆಳೆಯುವ ಅನಬೀನಾದಲ್ಲಿ ಸುಮಾರು ಹತ್ತಕ್ಕೊಂದರಂತೆ ಇವು ಇರುತ್ತವೆ. ಅಜೋಲಾದೊಳಗೆ ಇನ್ನೂ ಜಾಸ್ತಿ. ಈ ದುಂಡು ಕೋಶಗಳೇ ಸಾರಜನಕದ ಕೆಲಸಗಾರರು. ಆ ಕೆಲಸ ಮಾಡುವ ಕಿಣ್ವಕ್ಕೆ (ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನಿಗೆ) ಆಮ್ಲಜನಕ ತಾಗಿದರೆ ಅದು ಕೆಟ್ಟುಹೋಗುತ್ತದೆ. ಆದರೆ ಬಿಸಿಲಿನಿಂದ ಸಕ್ಕರೆ ಮಾಡುವಾಗ ಪಾಚಿ ಆಮ್ಲಜನಕವನ್ನೇ ಹೊರಬಿಡುತ್ತದೆ. ಎರಡೂ ಒಂದೇ ಕೋಶದಲ್ಲಿ ಒಂದೇ ಹೊತ್ತಿಗೆ ನಡೆಯುವುದು ಬಹಳ ಕಷ್ಟ. ಆದ್ದರಿಂದ ದುಂಡು ಕೋಶ ಆಮ್ಲಜನಕ ಮಾಡುವ ಯಂತ್ರವನ್ನು ನಿಲ್ಲಿಸಿಬಿಡುತ್ತದೆ, ಗೋಡೆ ದಪ್ಪ ಮಾಡಿಕೊಂಡು ಹೊರಗಿನ ಆಮ್ಲಜನಕವನ್ನೂ ತಡೆಯುತ್ತದೆ. ಪಕ್ಕದ ಕೋಶಗಳು ಇದಕ್ಕೆ ಸಕ್ಕರೆ ಕೊಡುತ್ತವೆ. ಇದು ಅವುಗಳಿಗೆ ಸಾರಜನಕ ಕೊಡುತ್ತದೆ. ಒಮ್ಮೆ ದುಂಡಾದ ಕೋಶ ಮತ್ತೆಂದೂ ಒಡೆದು ಎರಡಾಗುವುದಿಲ್ಲ.

ಒಂಟಿಯಾಗಿ ಬದುಕುವ ನೀಲಿ ಹಸಿರು ಪಾಚಿಗಳಲ್ಲೂ ಕೆಲವು ಸಾರಜನಕ ಹಿಡಿಯುತ್ತವೆ. ಅವು ಪಾಳಿ ಮಾಡಿಕೊಂಡಿವೆ. ಹಗಲು ಸಕ್ಕರೆ, ರಾತ್ರಿ ಸಾರಜನಕ. ಅನಬೀನಾಕ್ಕೆ ಪಾಳಿ ಬೇಕಿಲ್ಲ. ಹಗಲಲ್ಲೇ ಎರಡೂ ಸಾಗುತ್ತವೆ.

ಕೆರೆ, ಕೊಳಗಳ ನೀರಿನಲ್ಲಿ ಸಿಗುವ ವಾಲ್ವಾಕ್ಸ್ ಎಂಬ ಹಸಿರು ಚೆಂಡಿನಂಥ ಪಾಚಿಯದೂ ಇಂಥದ್ದೇ ಕತೆ. ಅದರ ಒಂಟಿ ಕೋಶದ ನೆಂಟ ಕ್ಲಾಮಿಡೋಮೊನಾಸ್‌ಗೆ ಈಜಲು ಎರಡು ಬಾಲಗಳಿವೆ. ಆದರೆ ಕೋಶ ಒಡೆಯಬೇಕಾದಾಗ ಬಾಲದ ಬುಡದಲ್ಲಿರುವ ಭಾಗಗಳೇ ಆ ಕೆಲಸಕ್ಕೂ ಬೇಕು. ಹಾಗಾಗಿ ಈಜುವುದು, ಮರಿ ಮಾಡುವುದು ಎರಡೂ ಒಟ್ಟಿಗೆ ಆಗುವುದಿಲ್ಲ. ವಾಲ್ವಾಕ್ಸ್‌ನ ಒಂದು ಜಾತಿಯಲ್ಲಿ ಸುಮಾರು 2,000 ಸಣ್ಣ ಕೋಶಗಳು ಈಜುವುದಕ್ಕೇ ಮೀಸಲು. ಸುಮಾರು 16 ದೊಡ್ಡ ಕೋಶಗಳು ಮರಿ ಮಾಡುವುದಕ್ಕೇ ಮೀಸಲು. ಚೆಂಡು ಬಿಸಿಲಿನ ಕಡೆಗೆ ಈಜುತ್ತಲೇ ಇರುತ್ತದೆ, ಒಳಗೆ ಮರಿಗಳು ಬೆಳೆಯುತ್ತಲೇ ಇರುತ್ತವೆ.

ನಮ್ಮ ಮೈಯಲ್ಲಿ ಈ ಹಂಚಿಕೆ ತುದಿ ಮುಟ್ಟಿದೆ. ಕೆಂಪು ರಕ್ತಕಣವನ್ನೇ ನೋಡಿ. ಅದು ವಂಶವಾಹಿಗಳಿರುವ ಕೇಂದ್ರವನ್ನೇ ಹೊರಹಾಕಿ ಒಳಗೆಲ್ಲ ಹಿಮೊಗ್ಲೋಬಿನ್ ತುಂಬಿಕೊಳ್ಳುತ್ತದೆ. ಆಮ್ಲಜನಕ ಉರಿಸಿ ಶಕ್ತಿ ಮಾಡುವ ಭಾಗವೂ ಅದರಲ್ಲಿಲ್ಲ. ಹಾಗಾಗಿ ಹೊತ್ತ ಆಮ್ಲಜನಕದಲ್ಲಿ ತನಗಾಗಿ ಏನನ್ನೂ ಬಳಸಿಕೊಳ್ಳದೆ ಮುಟ್ಟಿಸುತ್ತದೆ. ಇಂಥ ಕೋಶ ಹೊರಗೆ ಒಂಟಿಯಾಗಿ ಬದುಕಲಾರದು. ಮೈಯೊಳಗೆ ಮಾತ್ರ ಅದಕ್ಕೆ ಅರ್ಥ.

## ಕೋಶ ಸತ್ತರೂ ಜೀವಿ ಉಳಿಯುತ್ತದೆ

ಏಕಕೋಶ ಜೀವಿಯ ಆ ಒಂದು ಕೋಶ ಸತ್ತರೆ ಕತೆ ಮುಗಿಯಿತು. ನಮ್ಮಲ್ಲಿ ಕೋಶಗಳು ಸಾಯುವುದು ದಿನನಿತ್ಯದ ಕೆಲಸ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಕರುಳಿನ ಒಳಪದರದ ಕೋಶಗಳು ನಾಲ್ಕೈದು ದಿನಕ್ಕೇ ಬದಲಾಗುತ್ತವೆ. ಗಾಯವಾದರೆ ಹೊಸ ಚರ್ಮ ಬರುತ್ತದೆ. ಕೋಶಗಳು ಬಂದು ಹೋಗುತ್ತಿದ್ದರೂ ನಾವು ಎಪ್ಪತ್ತು ಎಂಬತ್ತು ವರ್ಷ ಬದುಕುತ್ತೇವೆ.

ಮರಗಳಲ್ಲಿ ಕೋಶದ ಸಾವೇ ಉಪಯೋಗಕ್ಕೆ ಬರುತ್ತದೆ. ಬೇರಿನಿಂದ ಎಲೆಗೆ ನೀರು ಹೋಗುವ ಕೊಳವೆಗಳು ಸತ್ತ ಕೋಶಗಳಿಂದಲೇ ಆದವು. ಕೋಶ ತನ್ನ ಗೋಡೆಯನ್ನು ಗಟ್ಟಿ ಮಾಡಿಕೊಂಡು, ಒಳಗಿನದನ್ನೆಲ್ಲ ಖಾಲಿ ಮಾಡಿ ಸಾಯುತ್ತದೆ. ಆಮೇಲೆ ಅದು ಪೈಪು. ಬೆಂಗಳೂರಿನ ಕೆಂಗೇರಿ ಆಚೆ ಇರುವ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ ಅನ್ನುತ್ತಾರೆ. ಅದು ಮೂರು ಎಕರೆಯಷ್ಟು ಹರಡಿದೆ. ಅದರ ಮೂಲ ಕಾಂಡ ರೋಗ ತಗಲಿ ಹೋಗಿ ವರ್ಷಗಳೇ ಆದವು. ಬಿಳಲುಗಳ ಮೇಲೆ ಮರ ನಿಂತಿದೆ. ನಡುವಿನ ಕಾಂಡವನ್ನೇ ಕಳೆದುಕೊಂಡೂ ಬದುಕಲು ಮರಕ್ಕೆ ಆಗುವುದು ಅದು ಬಹುಕೋಶ ಜೀವಿ ಆಗಿರುವುದರಿಂದಲೇ.

ಇದರ ಜೊತೆಗೆ ಇನ್ನೊಂದು ಅನುಕೂಲ ಇದೆ. ಮೈಯ ಹೊರಪದರ ಹೊರಗಿನ ಏರುಪೇರನ್ನು ತಡೆಯುವುದರಿಂದ ಒಳಗಿನ ಕೋಶಗಳಿಗೆ ಉಪ್ಪು, ನೀರು, ಸಕ್ಕರೆ ಎಲ್ಲ ಒಂದೇ ಹದದಲ್ಲಿ ಸಿಗುತ್ತವೆ. ಕಲಬುರಗಿಯ ಬೇಸಿಗೆಯಲ್ಲಿರಲಿ, ಮಡಿಕೇರಿಯ ಚಳಿಯಲ್ಲಿರಲಿ, ನಮ್ಮ ಮೈಯೊಳಗಿನ ಕೋಶಕ್ಕೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಶಾಖವೇ ಸಿಗುತ್ತದೆ.

## ಯೀಸ್ಟಿನ ಗುಂಪಿಗೆ ಊಟ ಸಿಕ್ಕಿದ್ದು ಹೇಗೆ?

ಈಗ ಯೀಸ್ಟಿಗೆ ಬರೋಣ. ಪ್ರಯೋಗ ಶುರುವಾದದ್ದು ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ರ‍್ಯಾಟ್‌ಕ್ಲಿಫ್ ಮತ್ತು ಸಂಗಡಿಗರು ಯೀಸ್ಟನ್ನು ದ್ರವದಲ್ಲಿ ಬೆಳೆಸಿ, ಸ್ವಲ್ಪ ಹೊತ್ತು ಅಲುಗಿಸದೆ ಬಿಟ್ಟು, ಬೇಗ ತಳ ಸೇರಿದ್ದನ್ನು ಮಾತ್ರ ತೆಗೆದು ಮರುದಿನಕ್ಕೆ ಬೆಳೆಸಿದರು. ಗುಂಪಾಗಿದ್ದರೆ ಭಾರ, ಬೇಗ ಮುಳುಗುತ್ತದೆ. 60 ದಿನಗಳೊಳಗೆ ಎಲ್ಲ ಹತ್ತು ಪಾತ್ರೆಗಳಲ್ಲೂ ತಾಯಿ ಕೋಶ ಮತ್ತು ಅದರಿಂದ ಹುಟ್ಟಿದ ಮಗಳು ಕೋಶ ಬೇರೆಯಾಗದೆ ಕವಲೊಡೆದು ಬೆಳೆಯುವ ಗುಂಪುಗಳು ಬಂದವು. ಇದು ಪ್ರಕಟವಾದದ್ದು 2012ರಲ್ಲಿ. ಆಮೇಲೆ ಜಾರ್ಜಿಯಾ ಟೆಕ್‌ನಲ್ಲಿ ಪ್ರಯೋಗ ಮುಂದುವರಿಯಿತು. ಸುಮಾರು 3,000 ತಲೆಮಾರು ಕಳೆದ ಮೇಲೆ ಗುಂಪುಗಳು ಮೊದಲಿಗಿಂತ 20,000 ಪಟ್ಟು ದೊಡ್ಡವಾಗಿದ್ದವು ಅಂತ 2023ರಲ್ಲಿ ವರದಿಯಾಯಿತು. ಕವಲುಗಳು ಒಂದಕ್ಕೊಂದು ಹೆಣೆದುಕೊಂಡು ಗುಂಪು ಗಟ್ಟಿಯಾಗಿತ್ತು.

ಒಂದು ತಕರಾರು ಇಲ್ಲಿ ನ್ಯಾಯವಾದದ್ದೇ. ಯೀಸ್ಟಿನ ದೂರದ ಪೂರ್ವಜರು ಬಹುಕೋಶದ ಶಿಲೀಂಧ್ರಗಳು. ಮರೆತ ವಿದ್ಯೆಯನ್ನು ಅದು ಮತ್ತೆ ನೆನಪಿಸಿಕೊಂಡಿರಬಹುದು ಅಂತ ಕೆಲವರು ಕೇಳಿದರು. ಬಹುಕೋಶದ ಪೂರ್ವಜರಿಲ್ಲದ ಕ್ಲಾಮಿಡೋಮೊನಾಸ್ ಪಾಚಿಯ ಮೇಲೂ ಆಮೇಲೆ ಪ್ರಯೋಗ ಮಾಡಿದರು. ಅದೂ ಗುಂಪುಗೂಡಿತು.

ಇನ್ನು ಊಟದ ಪ್ರಶ್ನೆ. ಇಷ್ಟು ದೊಡ್ಡ ಗುಂಪಿನ ಒಳಗಿನ ಕೋಶಗಳಿಗೆ ಸಕ್ಕರೆ ತಾನಾಗೇ ಹರಡಿಕೊಂಡು ತಲುಪಲು ಆಗುವುದಿಲ್ಲ. ಇವಕ್ಕೆ ರಕ್ತನಾಳವೂ ಇಲ್ಲ, ಹೃದಯವೂ ಇಲ್ಲ. ಲೆಕ್ಕದ ಪ್ರಕಾರ ಬೆಳವಣಿಗೆ ನಿಧಾನವಾಗಬೇಕಿತ್ತು, ಆದರೆ ಆಗಿರಲಿಲ್ಲ. ಎನ್‌ಸಿಬಿಎಸ್ ಮತ್ತು ಜಾರ್ಜಿಯಾ ಟೆಕ್ ವಿಜ್ಞಾನಿಗಳು ಕಂಡುಕೊಂಡದ್ದು ಇದು. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಆಗ ಗುಂಪಿನ ಸುತ್ತಲಿನ ದ್ರವ ಸ್ವಲ್ಪ ಹಗುರವಾಗಿ ಮೇಲೇಳುತ್ತದೆ. ಆ ಜಾಗಕ್ಕೆ ಸಕ್ಕರೆ ಇರುವ ಹೊಸ ದ್ರವ ಗುಂಪಿನ ಸಂದುಗಳ ಮೂಲಕ ಹರಿದು ಬರುತ್ತದೆ. ಕೋಶಗಳು ತಿನ್ನುವುದರಿಂದಲೇ ಹರಿವು ಹುಟ್ಟುತ್ತದೆ, ಆ ಹರಿವೇ ಅವುಗಳಿಗೆ ಊಟ ತರುತ್ತದೆ.

ಇದು ಯಾಕೆ ದೊಡ್ಡ ವಿಷಯ ಅಂದರೆ, ಬಹುಕೋಶ ಜೀವಿ ದೊಡ್ಡದಾಗಲು ಮೊದಲೇ ರಕ್ತನಾಳದಂಥ ವ್ಯವಸ್ಥೆ ಬೇಕು, ಆದರೆ ಅಂಥ ವ್ಯವಸ್ಥೆ ಬೆಳೆಯಬೇಕಾದರೆ ಮೊದಲು ದೊಡ್ಡದಾಗಿರಬೇಕು ಎಂಬ ಗಂಟೊಂದಿತ್ತು. ಯಾವ ಅಂಗವೂ ಇಲ್ಲದೆ ಬರೀ ಭೌತಶಾಸ್ತ್ರದ ನಿಯಮದಿಂದಲೇ ಆರಂಭದ ದಾರಿ ತೆರೆದುಕೊಳ್ಳಬಹುದು ಅಂತ ಈಗ ಗೊತ್ತಾಗಿದೆ.

## ಲಾಭಕ್ಕೆ ತೆರಬೇಕಾದ ಬೆಲೆ

ಒಟ್ಟಿಗೆ ಬದುಕುವುದರಲ್ಲಿ ಮೋಸದ ಭಯ ಇದ್ದೇ ಇದೆ. ಡಿಕ್ಟಿಯೊಸ್ಟೀಲಿಯಮ್ ಎಂಬ ಮಣ್ಣಿನ ಅಮೀಬಾ ಊಟ ಇರುವಾಗ ಒಂಟಿ. ಊಟ ಮುಗಿದಾಗ ಸಾವಿರಾರು ಅಮೀಬಾಗಳು ಸೇರಿ ಒಂದು ಪುಟ್ಟ ಹುಳುವಿನಂತೆ ತೆವಳುತ್ತವೆ, ಕೊನೆಗೆ ಕಡ್ಡಿಯ ಮೇಲೆ ಗುಂಡು ಇಟ್ಟ ಆಕಾರಕ್ಕೆ ಬರುತ್ತವೆ. ಸುಮಾರು ಐದರಲ್ಲೊಂದು ಪಾಲು ಕೋಶಗಳು ಕಡ್ಡಿಯಾಗಿ ಸಾಯುತ್ತವೆ. ಉಳಿದವು ಮೇಲೆ ಕೂತು ಬೀಜಕಗಳಾಗಿ ಹೊಸ ಜಾಗ ಸೇರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಅವರ ತಂಡ ದಶಕಗಳ ಕಾಲ ಇವುಗಳನ್ನು ಅಧ್ಯಯನ ಮಾಡಿದೆ. ಮುದುಮಲೈ ಕಾಡಿನಿಂದ ತಂದ ಮಾದರಿಗಳಲ್ಲಿ ಬೇರೆ ಬೇರೆ ವಂಶದ ಅಮೀಬಾಗಳು ಒಂದೇ ಗುಂಪಿನಲ್ಲಿ ಬೆರೆತಿರುವುದನ್ನು ಅವರು ಕಂಡರು. ಅಂಥ ಕಡೆ ಯಾರು ಕಡ್ಡಿಯಾಗಬೇಕು, ಯಾರು ಬೀಜಕವಾಗಬೇಕು ಎಂಬುದು ದೊಡ್ಡ ಪ್ರಶ್ನೆ.

ಬಹುಪಾಲು ಪ್ರಾಣಿ, ಸಸ್ಯಗಳಲ್ಲಿ ಇದಕ್ಕೆ ಪರಿಹಾರ ಒಂದೇ ಕೋಶದಿಂದ ಬದುಕು ಶುರು ಮಾಡುವುದು. ಆಗ ಮೈಯ ಕೋಶಗಳೆಲ್ಲ ಒಂದೇ ವಂಶದವು. ಜಗಳಕ್ಕೆ ಕಾರಣ ಕಡಿಮೆ. ಹಾಗಿದ್ದರೂ ಕೆಲವೊಮ್ಮೆ ಒಂದು ಕೋಶದ ವಂಶವಾಹಿ ಕೆಟ್ಟು, ಅದು ಮೈಯ ಮಾತು ಕೇಳದೆ ತಾನು ಮಾತ್ರ ಒಡೆದು ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್. ಏಕಕೋಶ ಜೀವಿಗೆ ಕ್ಯಾನ್ಸರ್ ಅನ್ನುವುದೇ ಇಲ್ಲ, ಒಡೆದು ಬೆಳೆಯುವುದೇ ಅದರ ಸಹಜ ಬದುಕು.

ಕೋಶ ಜಾಸ್ತಿ ಇದ್ದಷ್ಟೂ ಕ್ಯಾನ್ಸರ್ ಜಾಸ್ತಿ ಬರಬೇಕಲ್ಲ? ಆನೆಗಳಿಗೆ ಆ ಲೆಕ್ಕದಷ್ಟು ಬರುವುದಿಲ್ಲ. ಕೆಟ್ಟ ಕೋಶವನ್ನು ತಡೆಯುವ ಪಿ53 ಎಂಬ ವಂಶವಾಹಿ ನಮ್ಮ ವಂಶವಾಹಿ ಸೆಟ್ಟಿನಲ್ಲಿ ಒಂದೇ ಇದ್ದರೆ, ಆಫ್ರಿಕಾದ ಆನೆಯಲ್ಲಿ ಅದರ ಸುಮಾರು 20 ಪ್ರತಿಗಳಿವೆ ಅಂತ 2015ರಲ್ಲಿ ತಿಳಿಯಿತು.

ಇನ್ನೊಂದು ಬೆಲೆ ನಿಧಾನ. ಇ. ಕೋಲೈ ಬ್ಯಾಕ್ಟೀರಿಯಾ ಅನುಕೂಲ ಇದ್ದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆನೆ ಒಂದು ಮರಿ ಹಾಕಲು ಸುಮಾರು 22 ತಿಂಗಳು ಗರ್ಭ ಹೊರುತ್ತದೆ.

## ಹಾಗಾದರೆ ಒಂಟಿ ಕೋಶಗಳು ಸೋತವೇ?

ಇಲ್ಲ. ಎರಡೂ ಬದುಕುವ ದಾರಿಗಳೇ. 2018ರಲ್ಲಿ ಪ್ರಕಟವಾದ ಒಂದು ಲೆಕ್ಕದಲ್ಲಿ ಭೂಮಿಯ ಮೇಲಿನ ಜೀವಿಗಳಲ್ಲಿರುವ ಇಂಗಾಲವನ್ನೆಲ್ಲ ಅಂದಾಜು ಮಾಡಿದರು. ಒಟ್ಟು ಸುಮಾರು 55,000 ಕೋಟಿ ಟನ್. ಅದರಲ್ಲಿ ಗಿಡಮರಗಳದ್ದೇ ಸುಮಾರು 45,000 ಕೋಟಿ ಟನ್. ಬ್ಯಾಕ್ಟೀರಿಯಾ 7,000 ಕೋಟಿ. ಪ್ರಾಣಿಗಳೆಲ್ಲ ಸೇರಿ ಬರೀ 200 ಕೋಟಿ. ತೂಕದಲ್ಲಿ ಮರಗಳು ಮುಂದೆ, ಸಂಖ್ಯೆಯಲ್ಲಿ ಮತ್ತು ಸಿಗುವ ಜಾಗಗಳಲ್ಲಿ ಬ್ಯಾಕ್ಟೀರಿಯಾ ಮುಂದೆ. ಕುದಿಯುವ ಬುಗ್ಗೆಯಲ್ಲಿ, ಬಂಡೆಯೊಳಗೆ, ಉಪ್ಪಿನ ಗದ್ದೆಯಲ್ಲಿ ಕೂಡ ಅವು ಇರಬಲ್ಲವು. ನಮ್ಮ ಮೈಯೊಳಗೇ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ನಮ್ಮ ಸ್ವಂತ ಕೋಶಗಳಿಗಿಂತ ಸ್ವಲ್ಪ ಜಾಸ್ತಿ.

ಮೈಯನ್ನು ಬಿಟ್ಟು ಮತ್ತೆ ಒಂಟಿ ಬದುಕಿಗೆ ಮರಳಿದ ಕೋಶಗಳೂ ಇವೆ. ಬೀದಿ ನಾಯಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹರಡುವ ಒಂದು ಗಡ್ಡೆರೋಗ ಇದೆ. ಪಶುವೈದ್ಯರಿಗೆ ಇದು ಚೆನ್ನಾಗಿ ಗೊತ್ತು. ಅದನ್ನು ಹರಡುವುದು ವೈರಸ್ ಅಲ್ಲ, ಗಡ್ಡೆಯ ಜೀವಂತ ಕೋಶಗಳೇ. ಆ ಕೋಶಗಳೆಲ್ಲ ಸಾವಿರಾರು ವರ್ಷಗಳ ಹಿಂದೆ ಏಷ್ಯಾದಲ್ಲಿದ್ದ ಒಂದೇ ನಾಯಿಯ ಮೈಯಿಂದ ಬಂದವು ಅಂತ ವಂಶವಾಹಿಗಳ ಪರೀಕ್ಷೆಯಿಂದ ಗೊತ್ತಾಗಿದೆ. ಆ ನಾಯಿ ಸತ್ತು ಎಷ್ಟೋ ಕಾಲವಾದರೂ ಅದರ ಕೋಶಗಳು ಇನ್ನೂ ಹರಡುತ್ತಿವೆ.